ಮನೆಮಂದಿಗೆ ವಿಜ್ಞಾನ: ಹಸುರು ಹರಳಿನ ಪರೀಕ್ಷೆಯೂ ಬೆಲೆಯೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಗೃಹಸ್ಥರಿಗೆ ಬಾವಿಯ ಕೆಲಸವು ಹೊಸದಲ್ಲ. ಮೇಲಿನ ಎರೆಮಣ್ಣನ್ನು ತೆಗೆದು, ಅದರ ಕೆಳಗಿನ ಗರಸನ್ನು ದಾಟಿ, ಕರಿಕಲ್ಲಿಗೆ ಮದ್ದು ಹಾರಿಸಿದಾಗ ಒಮ್ಮೊಮ್ಮೆ ಕಲ್ಲಿನ ಹೊಟ್ಟೆಯೊಳಗಿನ ಪೊಳ್ಳೊಂದು ತೆರೆದುಕೊಳ್ಳುತ್ತದೆ. ಅದರ ಒಳಮೈಗೆ ಬಿಳಿಯ ಹರಳುಗಳು, ಅಪರೂಪಕ್ಕೆ ಬಣ್ಣದ ಹರಳುಗಳು, ಹಲ್ಲು ಸಾಲಿಟ್ಟಂತೆ ಅಂಟಿಕೊಂಡಿರುತ್ತವೆ. ಅಂಥ ಹರಳು ಮನೆಗೆ ಬಂದ ದಿವಸವೇ ಅದರ ಸುತ್ತ ಮಾತು ಹುಟ್ಟುತ್ತದೆ. ಒಬ್ಬನು ಅದನ್ನು ಪಚ್ಚೆಯೆನ್ನುತ್ತಾನೆ. ಮತ್ತೊಬ್ಬನು ಗಾಜೆಂದು ನಗುತ್ತಾನೆ. ಮೂರನೆಯವನು ಎಲ್ಲಿಯೋ ಓದಿದ್ದನ್ನು ನೆನೆದು, "ಇದು ಆರ್ಸೆನೇಟು ಜಾತಿಯ ಖನಿಜ, ಲಕ್ಷಗಟ್ಟಲೆ ಬೆಲೆ ಬಾಳುವುದು" ಎಂದು ಪಿಸುಗುಟ್ಟುತ್ತಾನೆ. ಆ ಮಾತು ನಿಜವಾದರೆ ಹರಳು ಬೆಲೆಯುಳ್ಳದ್ದೂ ಹೌದು, ವಿಷವುಳ್ಳದ್ದೂ ಹೌದು. ಸುಳ್ಳಾದರೆ, ಆ ಆಸೆಯಿಂದ ಸಾಲ ಮಾಡಿದವನು ಕೆಟ್ಟನು; ನಿಜವೆಂದು ತಿಳಿಯದೆ ಮಕ್ಕಳ ಕೈಗೆ ಆಡಲು ಕೊಟ್ಟವನೂ ಕೆಟ್ಟನು. ಆದುದರಿಂದ ಈ ತಿಂಗಳು, ಇಂಥ ಹರಳನ್ನು ಗುರುತಿಸುವುದು ಹೇಗೆ, ಅದರ ಬೆಲೆಯು ನಿಲ್ಲುವುದು ಯಾವುದರ ಮೇಲೆ, ಅದರಿಂದ ಭಯವೆಷ್ಟು ಎಂಬ ಮೂರು ವಿಷಯಗಳನ್ನು ವಾಚಕರ ಮುಂದೆ ಇಡಬೇಕೆಂದಿರುವೆವು.

ಮೊದಲು ಹೆಸರಿನ ಅರ್ಥವನ್ನು ತಿಳಿಯೋಣ. ಆರ್ಸೆನಿಕವೆಂಬ ಮೂಲವಸ್ತುವು ನಮ್ಮ ಜನಕ್ಕೆ ಅಪರಿಚಿತವಲ್ಲ. ಹಳದಿಯ ಹರಿದಾಳ, ಕೆಂಪಾದ ಮನಶ್ಶಿಲೆ, ಬಿಳಿಯ ಸೋಮಲ ಈ ಮೂರೂ ಅದರ ರೂಪಗಳೇ. ಮೊದಲಿನೆರಡರಲ್ಲಿ ಆರ್ಸೆನಿಕವು ಗಂಧಕದೊಡನೆ ಕೂಡಿರುತ್ತದೆ; ಮೂರನೆಯದರಲ್ಲಿ ಆಮ್ಲಜನಕದೊಡನೆ. ಹಿಂದಿನ ಲಿಪಿಕಾರರು ಕಾಗದದ ಹಸ್ತಪ್ರತಿಗಳಲ್ಲಿ ತಪ್ಪಿದ ಅಕ್ಷರಗಳನ್ನು ಮುಚ್ಚಲು ಹರಿದಾಳವನ್ನು ಹಚ್ಚುತ್ತಿದ್ದರು. ಪಾಷಾಣವೆಂಬ ನಮ್ಮ ಶಬ್ದಕ್ಕಂತೂ ಕಲ್ಲು ಎಂಬುದೂ ಅರ್ಥ, ವಿಷ ಎಂಬುದೂ ಅರ್ಥ. ಆರ್ಸೆನೇಟೆಂದರೆ ಈ ಕುಟುಂಬದ ಇನ್ನೊಂದು ಕವಲು: ಒಂದು ಆರ್ಸೆನಿಕದ ಕಣಕ್ಕೆ ನಾಲ್ಕು ಆಮ್ಲಜನಕದ ಕಣಗಳು ಸೇರಿ, ಆ ಗುಂಪು ಸತು, ತಾಮ್ರ, ಸೀಸ, ಕಬ್ಬಿಣ, ಕೋಬಾಲ್ಟು ಮುಂತಾದ ಲೋಹಗಳೊಡನೆ ಕೂಡಿದಾಗ ಆಗುವ ಖನಿಜಗಳು. ಇವುಗಳಲ್ಲಿ ಸತುವಿನ ಆರ್ಸೆನೇಟಾದ ಆಡಮೈಟ್ ಹಳದಿ-ಹಸುರು ಬಣ್ಣದ್ದು. ಚಿಲಿ ದೇಶದ ಚಾನ್ಯಾರ್ಸಿಯೋ ಎಂಬಲ್ಲಿಯ ಮಾದರಿಗಳ ಮೇಲಿಂದ 1866ರಲ್ಲಿ ಫ್ರೆಂಚ್ ಪಂಡಿತ ಫ್ರೀಡೆಲನು ಇದನ್ನು ವರ್ಣಿಸಿ, ಮಾದರಿ ಒದಗಿಸಿದ ಆಡಮ್ ಎಂಬವರ ಹೆಸರನ್ನಿಟ್ಟನು. ಅದರ ದಾಯಾದಿಯಾದ ಲೆಗ್ರಾಂಡೈಟ್ ಶುದ್ಧ ಹಳದಿಯದು; ಮೆಕ್ಸಿಕೋ ದೇಶದಿಂದ ಬಂದ ಇದು 1932ರಲ್ಲಿ ಲೋಕಕ್ಕೆ ತಿಳಿಯಿತು. ಕೋಬಾಲ್ಟಿನದಾದ ಎರಿಥ್ರೈಟ್ ದಾಸವಾಳದಂತೆ ಕೆಂಪಾಗಿರುತ್ತದೆ. ಕಬ್ಬಿಣದ ಸ್ಕೊರೊಡೈಟ್ ಹಸುರು, ಕೆಲವೊಮ್ಮೆ ಕಂದು. ಕಾಯಿಸಿದರೆ ಬೆಳ್ಳುಳ್ಳಿಯ ವಾಸನೆ ಹೊಡೆಯುವುದರಿಂದ ಬೆಳ್ಳುಳ್ಳಿಯ ಗ್ರೀಕ್ ಹೆಸರೇ ಇದಕ್ಕೆ ಬಂದಿದೆ.

ಇನ್ನು, ಯಾವ ಖನಿಜವಾದರೂ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಬತ್ತಕ್ಕೆ ಕೆಸರುಗದ್ದೆ, ಜೋಳಕ್ಕೆ ಎರೆಹೊಲ ಇದ್ದಂತೆ ಖನಿಜಕ್ಕೂ ತನ್ನ ನೆಲವುಂಟು. ಆರ್ಸೆನೇಟು ಹುಟ್ಟಬೇಕಾದರೆ ಕೆಳಗೆ ಲೋಹದ ಅದುರು ಇರಬೇಕು. ಆ ಅದುರಿನಲ್ಲಿ ಆರ್ಸೆನಿಕವಿರಬೇಕು. ಮೇಲಿನಿಂದ ಗಾಳಿ ನೀರುಗಳು ಇಳಿದು ಅದನ್ನು ದೀರ್ಘಕಾಲ ಕೊಳೆಯಿಸಬೇಕು. ಹೀಗೆ ಕೊಳೆತ ಅದುರಿನ ಮೇಲ್ಭಾಗದಲ್ಲಿಯೇ ಈ ಬಣ್ಣದ ಹರಳುಗಳು ಬೆಳೆಯುತ್ತವೆ. ಆಫ್ರಿಕೆಯ ನಮೀಬಿಯದಲ್ಲಿರುವ ತ್ಸುಮೇಬ್ ಗಣಿಯೂ ಮೆಕ್ಸಿಕೋದ ಮಾಪಿಮಿಯಲ್ಲಿಯ ಒಹುವೆಲಾ ಗಣಿಯೂ ಇದಕ್ಕೆ ಜಗತ್ಪ್ರಸಿದ್ಧವಾದ ಉದಾಹರಣೆಗಳು. ನಮ್ಮ ಐದು ತಾಲೂಕುಗಳ ಕರಿಕಲ್ಲಿನ ಕಥೆಯೇ ಬೇರೆ. ಇದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದು ಪದರುಪದರಾಗಿ ಹೆಪ್ಪುಗಟ್ಟಿದ ಲಾವಾರಸ. ಇಂದಿಗೂ ದಖ್ಖಣದಲ್ಲಿ ಸುಮಾರು 5 ಲಕ್ಷ ಚದರ ಕಿಲೋಮೀಟರು ನೆಲವನ್ನು ಮುಚ್ಚಿಕೊಂಡಿದೆ. ಕಾಯ್ದ ಹಾಲಿನ ಮೇಲೆ ಗುಳ್ಳೆಯೇಳುವಂತೆ ಆ ರಸದೊಳಗಿನ ಅನಿಲವು ಗುಳ್ಳೆಗಟ್ಟಿತು. ರಸವು ಕಲ್ಲಾದ ಮೇಲೆ ಗುಳ್ಳೆಗಳು ಪೊಳ್ಳುಗಳಾಗಿ ಉಳಿದವು. ಆ ಪೊಳ್ಳುಗಳಲ್ಲಿ ಬಿಸಿನೀರು ಸಂಚರಿಸಿ, ಕರಗಿಸಿ ತಂದ ಪದಾರ್ಥಗಳನ್ನು ಹರಳಾಗಿ ಇಳಿಸಿತು. ಹೀಗೆ ಉಂಟಾದವು ಸ್ಟಿಲ್ಬೈಟ್, ಹ್ಯೂಲಂಡೈಟ್ ಮೊದಲಾದ ಜಿಯೊಲೈಟುಗಳು, ಅವುಗಳ ಒಡನಾಡಿಯಾದ ಅಪೊಫಿಲೈಟ್, ಸುಣ್ಣದಂಶದ ಕ್ಯಾಲ್ಸೈಟ್, ಹಾಗೂ ಬೆಣಚುಕಲ್ಲಿನ ಜಾತಿಯ ನಾನಾ ಸ್ಫಟಿಕಗಳು. ಜಿಯೊಲೈಟಿಗೆ ಆ ಹೆಸರನ್ನು 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ಟನು ಇಟ್ಟನು. ಕಾಯಿಸಿದಾಗ ಒಳಗಿನ ನೀರು ಹೊರಬಿದ್ದು ನೊರೆಯೇಳುವುದನ್ನು ಕಂಡು 'ಕುದಿಯುವ ಕಲ್ಲು' ಎಂದನು. ಈ ಕರಿಕಲ್ಲಿನಲ್ಲಿ ಆರ್ಸೆನಿಕದ ಅಂಶವು ತೀರ ಅಲ್ಪ. ಕಾರಣ, ದೂಧಗಂಗೆಯ ಬಯಲಿನ ಬಾವಿಯಲ್ಲಾಗಲಿ ಕೃಷ್ಣೆಯ ದಂಡೆಯ ಖಣಿಯಲ್ಲಾಗಲಿ ಹಸುರು ಹರಳು ಸಿಕ್ಕಿತೆಂದರೆ, ಅದು ಆರ್ಸೆನೇಟಾಗಿರುವುದಕ್ಕಿಂತ ಅಪೊಫಿಲೈಟೋ ಬಣ್ಣದ ಸ್ಫಟಿಕವೋ ಆಗಿರುವ ಸಂಭವವೇ ಬಹುಪಾಲು.

ಆದರೆ ನೆಲದ ಸಾಕ್ಷಿಯೊಂದರಿಂದಲೇ ತೀರ್ಪು ಕೊಡಲಾಗದು. ಕಲ್ಲಿಗೆ ಕಾಲಿಲ್ಲದಿದ್ದರೂ ಅದು ಬಹಳ ತಿರುಗಾಡುತ್ತದೆ. ಮುಂಬಯಿಯ ಅಂಗಡಿಯಿಂದ ಕೊಂಡ ಹರಳು, ಗಣಿಯಲ್ಲಿ ಕೆಲಸ ಮಾಡಿದ ನೆಂಟರು ಕೊಟ್ಟ ಹರಳು, ಅಜ್ಜನ ಪೆಟ್ಟಿಗೆಯಲ್ಲಿ ಹೆಸರಿಲ್ಲದೆ ಉಳಿದ ಹರಳು ಇವೆಲ್ಲ ನಮ್ಮ ಮನೆಗಳಲ್ಲಿ ಇರತಕ್ಕವೇ. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಪ್ರಮಾಣಿಸುವ ಬಗೆಯನ್ನು ಕ್ರಮವಾಗಿ ನೋಡೋಣ. ಬಣ್ಣವು ಎಲ್ಲಕ್ಕಿಂತ ದುರ್ಬಲವಾದ ಸಾಕ್ಷಿ. ಪುಣೆಯ ಪಾಷಾಣ ಗುಡ್ಡದ ಖಣಿಗಳಿಂದ ಬಂದ ಹಸುರು ಅಪೊಫಿಲೈಟು ಲೋಕವಿಖ್ಯಾತವಾದುದು. ಅದರ ಹಸುರಿಗೆ ಕಾರಣವು ವನೇಡಿಯಮ್ಮಿನ ಅತ್ಯಲ್ಪ ಅಂಶವೇ ಹೊರತು ಆರ್ಸೆನಿಕವಲ್ಲ. ಊರ ಹೆಸರು ಪಾಷಾಣವಾದರೂ ಕಲ್ಲಿನಲ್ಲಿ ಪಾಷಾಣವಿಲ್ಲ. ಅದೇ ಎಳೆಹಸುರು ಆಡಮೈಟಿನಲ್ಲಿಯೂ ತೋರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಅಭ್ಯಾಸವಿಲ್ಲದ ಕಣ್ಣು ಮೋಸಹೋಗುವುದು ಸಹಜ.

ಬಣ್ಣದ ಬಳಿಕ ಗಡಸುತನ. ಜರ್ಮನಿಯ ಮೋಸ್ ಎಂಬವನು 1812ರಲ್ಲಿ ಹತ್ತು ಮೆಟ್ಟಲುಗಳ ಅಳತೆಯೊಂದನ್ನು ಕಟ್ಟಿದನು; ಅದರಲ್ಲಿ ಉಗುರಿನ ಬಲ ಸುಮಾರು ಎರಡೂವರೆ, ಚಾಕುವಿನದು ಐದೂವರೆ, ಬೆಣಚುಕಲ್ಲಿನದು ಏಳು, ವಜ್ರದ್ದು ಹತ್ತು. ಹರಳು ಗಾಜನ್ನು ಸುಲಭವಾಗಿ ಗೀರಿದರೆ ಅದು ಸ್ಫಟಿಕದ ಜಾತಿಯದಿರಬಹುದು. ಆರ್ಸೆನೇಟಂತೂ ಅಲ್ಲವೆಂದೇ ಹೇಳಬಹುದು. ಆದರೆ ಚಾಕುವಿಗೆ ಸೋತರೆ ಮಾತು ಮುಗಿಯಲಿಲ್ಲ. ಆಡಮೈಟಿನ ಗಡಸುತನ ಮೂರೂವರೆ, ಸ್ಟಿಲ್ಬೈಟಿನದು ಮೂರೂವರೆಯಿಂದ ನಾಲ್ಕು, ಲೆಗ್ರಾಂಡೈಟಿನದು ನಾಲ್ಕೂವರೆ, ಅಪೊಫಿಲೈಟಿನದು ನಾಲ್ಕೂವರೆಯಿಂದ ಐದು; ಇವೆಲ್ಲವೂ ಚಾಕುವಿಗೆ ಸೋಲತಕ್ಕವೇ. ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು: ಗೀರುವ ಪರೀಕ್ಷೆಯನ್ನು ಉದುರಿದ ಚೂರಿನ ಮೇಲೆ ಮಾಡಬೇಕೇ ಹೊರತು ಚೆಂದದ ಹರಳಿನ ಮುಖದ ಮೇಲಲ್ಲ. ಒಂದು ಗೀರು ಬಿತ್ತೆಂದರೆ ಬೆಲೆಯಲ್ಲಿಯ ದೊಡ್ಡ ಪಾಲು ಅಲ್ಲಿಗೇ ಹೋಯಿತು.

ಗೃಹಸ್ಥನ ಕೈಯೊಳಗಿನ ನಿಜವಾದ ನ್ಯಾಯಾಧೀಶನು ತಕ್ಕಡಿ. ಪತ್ತಾರನ ಅಂಗಡಿಯಲ್ಲಿರುವಂಥ ಸೂಕ್ಷ್ಮ ತಕ್ಕಡಿಯಿದ್ದರೆ ಸಾಕು. ಹರಳಿನ ಬಿಡಿ ಚೂರನ್ನು ಮೊದಲು ಗಾಳಿಯಲ್ಲಿ ತೂಗಬೇಕು. ಬಳಿಕ ಸಣ್ಣ ದಾರದಿಂದ ಇಳಿಬಿಟ್ಟು, ಪಾತ್ರೆಯ ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ತೂಗಬೇಕು. ನೀರಿನಲ್ಲಿ ಎಷ್ಟು ತೂಕ ಕಡಿಮೆಯಾಯಿತೋ ಅದರಿಂದ ಮೊದಲಿನ ತೂಕವನ್ನು ಭಾಗಿಸಿದರೆ ಬರುವ ಸಂಖ್ಯೆಯೇ ವಿಶಿಷ್ಟ ಗುರುತ್ವ, ಅಂದರೆ ಆ ಕಲ್ಲು ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಾಲು ಭಾರವೆಂಬ ಲೆಕ್ಕ. ಇದು ಗ್ರೀಸಿನ ಆರ್ಕಿಮಿಡೀಸನು ತೋರಿಸಿಕೊಟ್ಟ ತತ್ತ್ವ. ಉದಾಹರಣೆಗೆ, 46 ಗ್ರಾಂ ತೂಕದ ಹಸುರು ಚೂರು ನೀರಿನಲ್ಲಿ 26 ಗ್ರಾಂ ತೂಗಿತೆಂದು ಇಟ್ಟುಕೊಳ್ಳಿರಿ. ಕಳೆದುದು 20 ಗ್ರಾಂ. 46ನ್ನು 20ರಿಂದ ಭಾಗಿಸಿದರೆ 2.3. ಇದು ಅಪೊಫಿಲೈಟಿನ ತೂಕ. ಅದೇ 46 ಗ್ರಾಮಿನ ಆಡಮೈಟಾಗಿದ್ದರೆ ನೀರಿನಲ್ಲಿ ಕಳೆಯುವುದು ಕೇವಲ 10.5 ಗ್ರಾಂ, ಭಾಗಿಸಿದರೆ ಸುಮಾರು 4.4. ಕಣ್ಣಿಗೆ ಒಂದೇ ತರವಾಗಿ ಕಂಡ ಎರಡು ಹರಳುಗಳು ತಕ್ಕಡಿಯ ಮುಂದೆ ಇಮ್ಮಡಿಯಷ್ಟು ಬೇರೆಯಾದವು! ಸ್ಟಿಲ್ಬೈಟಿನ ಸಂಖ್ಯೆ ಸುಮಾರು 2.2, ಬೆಣಚುಕಲ್ಲಿನದು 2.65, ಕ್ಯಾಲ್ಸೈಟಿನದು 2.7, ಸ್ಕೊರೊಡೈಟಿನದು 3.3ರ ಆಸುಪಾಸು, ಲೆಗ್ರಾಂಡೈಟಿನದು 4. ಆದುದರಿಂದ ಸಂಖ್ಯೆಯು ಮೂರಕ್ಕಿಂತ ಸಾಕಷ್ಟು ಕೆಳಗೆ ನಿಂತರೆ, ಮೇಲೆ ಹೆಸರಿಸಿದ ಆರ್ಸೆನೇಟುಗಳಲ್ಲಿ ಯಾವುದೂ ಅಲ್ಲವೆಂದು ನೆಮ್ಮದಿಯಿಂದ ಇರಬಹುದು. ಚೂರಿಗೆ ಕರಿಕಲ್ಲು ಅಂಟಿಕೊಂಡಿದ್ದರೆ ಮಾತ್ರ ಈ ಲೆಕ್ಕವು ಕೆಡುತ್ತದೆ. ಏಕೆಂದರೆ ಕರಿಕಲ್ಲಿನ ಸಂಖ್ಯೆಯೇ ಸುಮಾರು 2.9.

ನೋಟು ಪರೀಕ್ಷಿಸುವ ನೇರಳಾತೀತ ದೀಪವು ಈಗ ಅಂಗಡಿಗಳಲ್ಲಿ ಸಾಮಾನ್ಯವಾಗಿದೆ. ಕತ್ತಲೆಯ ಕೋಣೆಯಲ್ಲಿ ಅದನ್ನು ಹಿಡಿದರೆ ಅನೇಕ ಆಡಮೈಟು ಹರಳುಗಳು ಎದ್ದುಕಾಣುವ ಹಸುರಾಗಿ ಬೆಳಗುತ್ತವೆ. ಆದರೆ ಎಲ್ಲ ಆಡಮೈಟೂ ಬೆಳಗುವುದಿಲ್ಲ. ನಮ್ಮ ಕರಿಕಲ್ಲಿನ ಕ್ಯಾಲ್ಸೈಟೂ ಕೆಲವೊಮ್ಮೆ ಬೆಳಗುತ್ತದೆ. ಆದುದರಿಂದ ಇದನ್ನು ಸೂಚನೆಯೆಂದು ಎಣಿಸಬೇಕೇ ಹೊರತು ಸಿದ್ಧಾಂತವೆಂದಲ್ಲ.

ತಕ್ಕಡಿಗೂ ಸೋಲುವ ಸ್ಥಳವುಂಟು. ಸೀಸದ ಆರ್ಸೆನೇಟಾದ ಮಿಮೆಟೈಟನ್ನು ನೋಡಿರಿ. ಅದರ ಹೆಸರಿನ ಅರ್ಥವೇ ಗ್ರೀಕ್ ಭಾಷೆಯಲ್ಲಿ 'ಅನುಕರಿಸುವವ' ಎಂದು. ಸೀಸದ ಫಾಸ್ಫೇಟಾದ ಪೈರೊಮಾರ್ಫೈಟನ್ನು ಅದು ಬಣ್ಣದಲ್ಲಿ, ಆಕಾರದಲ್ಲಿ, ಗಡಸುತನದಲ್ಲಿ ಅನುಕರಿಸುತ್ತದೆ. ತೂಕದಲ್ಲಿಯೂ ಎರಡೂ ನೀರಿನ ಏಳು ಪಾಲಿನಷ್ಟು. ಬಹುರೂಪಿಯು ವೇಷ ಹಾಕಿ ಬಂದಾಗ ಮನೆಯವರೇ ಗುರುತಿಸಲಾರದಂತೆ, ಇಂಥಲ್ಲಿ ಅನುಭವಿಯ ಕಣ್ಣೂ ಮಣಿಯಬೇಕಾಗುತ್ತದೆ. ಆಗ ಉಳಿಯುವ ದಾರಿ ಪ್ರಯೋಗಶಾಲೆಯೊಂದೇ. ಕ್ಷ-ಕಿರಣಗಳಿಂದ ಹರಳಿನ ಒಳಕಟ್ಟಣೆಯನ್ನು ಅಳೆಯುವ ಯಂತ್ರ, ಬೆಳಕಿನ ಚದರುವಿಕೆಯಿಂದ ಗುರುತಿಸುವ ರಾಮನ್ ಯಂತ್ರ, ಇಲೆಕ್ಟ್ರಾನ್ ಕಿರಣದಿಂದ ಮೂಲವಸ್ತುಗಳನ್ನು ಎಣಿಸುವ ಯಂತ್ರ ಇವುಗಳಿಂದ ನಿಸ್ಸಂದೇಹವಾದ ಉತ್ತರ ದೊರೆಯುತ್ತದೆ. ಇವುಗಳಲ್ಲಿ ಎರಡನೆಯದು ನಮ್ಮವರೇ ಆದ ಸರ್ ಚಂದ್ರಶೇಖರ ವೆಂಕಟರಾಮನ್‌ರು 1928ರಲ್ಲಿ ಕಂಡುಹಿಡಿದ ಪರಿಣಾಮದ ಫಲವೆಂಬುದು ಹೆಮ್ಮೆಯ ಮಾತು. ನಮ್ಮ ಭಾಗದವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗವನ್ನಾಗಲಿ, ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯನ್ನಾಗಲಿ ವಿಚಾರಿಸಿದರೆ ಮುಂದಿನ ದಾರಿಯು ತಿಳಿದೀತು. ಇಡೀ ಹರಳನ್ನು ಕೊಟ್ಟುಕಳಿಸಬೇಕಿಲ್ಲ. ಅನೇಕ ಪರೀಕ್ಷೆಗಳಿಗೆ ಸಾಸಿವೆಗಾತ್ರದ ಚೂರು ಸಾಕು.

ಬೆಂಕಿಯ ಪರೀಕ್ಷೆಯನ್ನು ಮಾತ್ರ ಯಾರೂ ಮಾಡಲಾಗದು. ಹಳೆಯ ಪುಸ್ತಕಗಳಲ್ಲಿ, ಇದ್ದಲಿನ ಮೇಲಿಟ್ಟು ಊದಿದರೆ ಬೆಳ್ಳುಳ್ಳಿಯ ವಾಸನೆ ಬಂದಲ್ಲಿ ಆರ್ಸೆನಿಕವೆಂದು ತಿಳಿಯತಕ್ಕದ್ದು ಎಂಬ ವಿಧಿಯಿದೆ. ವಿಧಿಯು ನಿಜ, ಆದರೆ ಆ ವಾಸನೆಯೊಡನೆ ಮೂಗಿಗೆ ಬರುವ ಹೊಗೆಯೂ ಸೋಮಲವೇ. ಉತ್ತರವು ಸಿಕ್ಕುವ ಹೊತ್ತಿಗೆ ಪ್ರಶ್ನೆ ಕೇಳಿದವನಿಗೆ ಅಪಾಯವಾಗಿರುತ್ತದೆ. ಹಾಗೆಯೇ ಹೆಸರು ತಿಳಿಯದ ಹರಳನ್ನು ನೆಕ್ಕುವುದು, ಅರೆದು ಪುಡಿ ಮಾಡುವುದು, ಅಡಿಗೆಯ ಪಾತ್ರೆಯಲ್ಲಿ ತೊಳೆಯುವುದು, ಔಷಧವೆಂದು ತೇಯುವುದು ಇವೆಲ್ಲವೂ ವರ್ಜ್ಯ. ಮುಚ್ಚಳವಿರುವ ಪೆಟ್ಟಿಗೆಯಲ್ಲಿ, ಮಕ್ಕಳ ಕೈಗೆ ಎಟುಕದ ಕಡೆಗಿಟ್ಟು, ಮುಟ್ಟಿದ ಬಳಿಕ ಸಾಬೂನಿನಿಂದ ಕೈ ತೊಳೆದುಕೊಂಡರೆ ಗಟ್ಟಿಯಾದ ಆರ್ಸೆನೇಟು ಹರಳನ್ನು ಮನೆಯಲ್ಲಿಡುವುದರಿಂದ ಹೆಚ್ಚಿನ ಭಯವೇನೂ ಇಲ್ಲ.

ಈಗ ಬೆಲೆಯ ವಿಚಾರ. ಚಿನ್ನಕ್ಕೆ ತೊಲದ ಲೆಕ್ಕವಿದೆ, ರತ್ನಕ್ಕೆ ಕ್ಯಾರೆಟ್ಟಿನ ಲೆಕ್ಕವಿದೆ. ಖನಿಜದ ಮಾದರಿಗೆ ಇವೆರಡೂ ಇಲ್ಲ. ಆಡಮೈಟನ್ನು ಕರಗಿಸಿ ಅದರೊಳಗಿನ ಸತುವನ್ನು ಮಾರಿದರೆ ಎಲೆ-ಅಡಿಕೆಗೂ ಸಾಲದು. ಅದನ್ನು ಕೊಳ್ಳುವವನು ಸಂಗ್ರಾಹಕ. ಅವನು ನೋಡುವುದು ಬೇರೆಯೇ ಗುಣಗಳನ್ನು. ಮೊದಲನೆಯದು ಹೆಸರು ಖಚಿತವಾಗಿರುವುದು. ಎರಡನೆಯದು ಹರಳಿನ ತುದಿಗಳು ಮುರಿಯದೆ ಇರುವುದು: ಇತರ ಎಲ್ಲ ಗುಣಗಳೂ ಸಮನಾಗಿರುವಾಗ, ಮುಂದಿನ ದೊಡ್ಡ ಹರಳಿನ ತುದಿ ಹಾರಿದ್ದರೆ ಬೆಲೆಯು ಅರ್ಧಕ್ಕಿಂತಲೂ ಕೆಳಗಿಳಿಯುವುದುಂಟು. ಮೂರನೆಯದು ಹೊಳಪು ಮತ್ತು ಬಣ್ಣದ ನಿರ್ಮಲತೆ. ನಾಲ್ಕನೆಯದು ಹರಳು ತನ್ನ ಮೂಲಕಲ್ಲಿನ ಮೇಲೆ ಕುಳಿತಿರುವ ಚೆಲುವು. ಐದನೆಯದು ಹುಟ್ಟಿದ ಸ್ಥಳದ ದಾಖಲೆ. ಗಾತ್ರವು ಇವುಗಳ ಬಳಿಕ ಬರುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾದ ನಿರ್ದೋಷ ಹರಳು, ತೆಂಗಿನಕಾಯಿಯಷ್ಟು ದೊಡ್ಡದಾದ ಮುಕ್ಕಾದ ಗಂಟನ್ನು ಹಿಂದಿಕ್ಕಬಲ್ಲುದು.

ಅಪರೂಪವೆಂಬುದೊಂದೇ ಬೆಲೆಯನ್ನು ಕೊಡುವುದಿಲ್ಲ ಎಂಬುದನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಕಲ್ಲಿನ ಮೇಲೆ ಬೂಸ್ಟು ಹಿಡಿದಂತೆ ಮಂಕಾಗಿ ಕವಿದ ಅತಿ ವಿರಳ ಆರ್ಸೆನೇಟನ್ನು ಪಂಡಿತರು ಬಯಸಬಹುದು. ಆದರೆ ಕೊಳ್ಳುವವರು ಕೆಲವರೇ. ಅದಕ್ಕೆ ಪ್ರತಿಯಾಗಿ ದಖ್ಖಣದ ಸಾಮಾನ್ಯ ಸ್ಟಿಲ್ಬೈಟು ಬಿಲ್ಲಿನಂತೆ ಬಾಗಿ, ಗುಲಾಬಿ ಬಣ್ಣ ತಾಳಿ, ಹಸುರು ಅಪೊಫಿಲೈಟಿನ ಜೊತೆಗೆ ಬಂದಿತೆಂದರೆ ವಿದೇಶದ ಮ್ಯೂಜಿಯಮ್ಮುಗಳೂ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೆರೆಸುತ್ತವೆ. ಹಿತ್ತಲ ಗಿಡ ಮದ್ದಲ್ಲವೆಂದು ನಾವು ರಸ್ತೆಗೆ ಜಲ್ಲಿಯಾಗಿ ಒಡೆದು ಹಾಕಿದ ಕಲ್ಲುಗಳಲ್ಲಿ ಇಂಥವು ಎಷ್ಟು ಹೋದವೋ! ಅಮೇರಿಕೆಯ ಅರಿಜೋನಾದ ಟೂಸಾನ್ ಪಟ್ಟಣದಲ್ಲಿ 1955ರಿಂದ ನಡೆದುಬಂದ ಖನಿಜಗಳ ದೊಡ್ಡ ಜಾತ್ರೆಯಲ್ಲಿ ನಮ್ಮ ದಖ್ಖಣದ ಹರಳುಗಳಿಗೆ ಖಾಯಂ ಸ್ಥಾನವಿದೆ.

ಪೂರೈಕೆಯೂ ಬೆಲೆಯನ್ನು ಏರಿಳಿಸುತ್ತದೆ. ಕವನ್ಸೈಟ್ ಎಂಬ ನೀಲಿಯ ಖನಿಜವು 1970ರ ದಶಕದ ಮೊದಲ ವರ್ಷಗಳಲ್ಲಿ ಅಮೇರಿಕೆಯ ಒರೆಗಾನಿನ ಸಣ್ಣಸಣ್ಣ ಹರಳುಗಳ ಮೇಲಿಂದ ವರ್ಣಿತವಾಯಿತು; ಆಗ ಅದನ್ನು ಕಂಡವರೇ ವಿರಳ. 1980ರ ದಶಕದ ಕೊನೆಗೆ ಪುಣೆಯ ಹತ್ತಿರದ ವಾಘೋಲಿಯ ಕಲ್ಲುಖಣಿಯಲ್ಲಿ ಅದು ನೀಲಿ ಚೆಂಡುಗಳಂತೆ ಗೊಂಚಲುಗೊಂಚಲಾಗಿ ದೊರೆಯಿತು. ಜಗತ್ತಿನ ಸಂಗ್ರಾಹಕರಿಗೆಲ್ಲ ಅದು ಕೈಗೆಟುಕಿತು. ತ್ಸುಮೇಬಿನ ಕಥೆ ಇದಕ್ಕೆ ವಿರುದ್ಧ. ಆ ಗಣಿಯು 1996ರಲ್ಲಿ ಮುಚ್ಚಿತು. ಅಂದಿನಿಂದ ಅಲ್ಲಿಯ ಹರಳುಗಳು ಬಹುಮಟ್ಟಿಗೆ ಕೈಯಿಂದ ಕೈಗೆ ಹೋಗುವುವೇ ಹೊರತು ಹೊಸವು ಬರುವುದು ವಿರಳ. ಆದುದರಿಂದ 'ತ್ಸುಮೇಬ್' ಎಂದು ಬರೆದ ಹಳೆಯ ಚೀಟಿಗೆ ಹರಳಿನಷ್ಟೇ ಬೆಲೆಯುಂಟು. ಈ ಕಾರಣದಿಂದಲೇ ನಮ್ಮ ವಾಚಕರಿಗೆ ಒಂದು ವಿಜ್ಞಾಪನೆ: ಹರಳು ಸಿಕ್ಕ ದಿವಸವೇ ಒಂದು ಚೀಟಿಯಲ್ಲಿ ಊರು, ತಾಲೂಕು, ಹೊಲ ಅಥವಾ ಖಣಿಯ ಗುರುತು, ಎಷ್ಟು ಆಳದಲ್ಲಿ ಸಿಕ್ಕಿತು, ಯಾವ ದಿನಾಂಕ ಎಂಬುದನ್ನು ಬರೆದು ಅದರೊಡನೆ ಇಡಿರಿ. ಸ್ಥಳದ ಹೆಸರು ಕಳೆದ ಹರಳು ವಿಳಾಸವಿಲ್ಲದ ಪತ್ರದಂತೆ. ಒಳಗೆ ಏನಿದ್ದರೂ ಸೇರಬೇಕಾದಲ್ಲಿ ಸೇರುವುದಿಲ್ಲ.

ಹರಳನ್ನು ಚೆಂದಗೊಳಿಸಹೋಗಿ ಕೆಡಿಸುವವರು ಬಹಳ. ನಿಂಬೆಯ ರಸ, ಆಮ್ಲ ಯಾವುದೂ ಬೇಡ, ಬಿಸಿನೀರೂ ಬೇಡ. ಅಪೊಫಿಲೈಟು ಶಾಖಕ್ಕೆ ಹಾಳೆಹಾಳೆಯಾಗಿ ಸೀಳುತ್ತದೆ; ಆ ಗುಣದಿಂದಲೇ ಅದಕ್ಕೆ ಆ ಹೆಸರು ಬಂದಿದೆ. ಲೋಮೊಂಟೈಟ್ ಎಂಬ ಬಿಳಿಯ ಜಿಯೊಲೈಟಂತೂ ಒಣಗಾಳಿಯಲ್ಲಿಯೇ ತನ್ನ ನೀರನ್ನು ಕಳೆದುಕೊಂಡು ಹಿಟ್ಟಾಗಿ ಉದುರುತ್ತದೆ. ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಹತ್ತಿಯಲ್ಲಿ ಸುತ್ತಿಟ್ಟರೆ ಅದೇ ದೊಡ್ಡ ಶೃಂಗಾರ.

ಕೊಳ್ಳುವವರಿಗೂ ಎರಡು ಮಾತು. ಬೇರೆ ಬೇರೆ ಹರಳುಗಳನ್ನು ಒಂದೇ ಕಲ್ಲಿಗೆ ಅಂಟಿಸಿ ಮಾರುವುದುಂಟು. ಅನೇಕ ಅಂಟುಗಳು ನೇರಳಾತೀತ ದೀಪದಲ್ಲಿ ಬೆಳ್ಳಗೆ ಬೆಳಗಿ ಗುಟ್ಟನ್ನು ಬಿಟ್ಟುಕೊಡುತ್ತವೆ. ಬಿಳಿಯ ಹರಳಿಗೆ ಬಣ್ಣ ಕುಡಿಸಿ ಮಾರುವುದೂ ಉಂಟು. ಬಿರುಕಿನಲ್ಲಿ ಬಣ್ಣವು ದಟ್ಟವಾಗಿ ಮಡುಗಟ್ಟಿದ್ದರೆ ಸಂಶಯಪಡಬೇಕು. ಮಾರುವವರಿಗೆ ಇನ್ನೂ ದೊಡ್ಡ ಎಚ್ಚರಿಕೆ ಬೇಕು. "ನಿಮ್ಮ ಕಲ್ಲಿಗೆ ಇಷ್ಟು ಲಕ್ಷ ಬರುತ್ತದೆ, ಪರೀಕ್ಷೆಗೆ ಮೊದಲು ಇಷ್ಟು ಸಾವಿರ ಕೊಡಿರಿ" ಎಂದು ಯಾರಾದರೂ ಹೇಳಿದರೆ ಅವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸುವುದೇ ಲೇಸು. ಹರಳಿನ ಆಸೆಗೆ ಮನೆಯ ಬಂಗಾರವನ್ನು ಒತ್ತೆಯಿಡುವ ಗೃಹಸ್ಥನು, ಕಾಣದ ಬೆಲೆಗಾಗಿ ಕಂಡ ಬೆಲೆಯನ್ನು ಬಿಟ್ಟುಕೊಟ್ಟಂತಾಗುತ್ತದೆ. ಬಾವಿಯ ಕಲ್ಲುಗುಡ್ಡೆಯಲ್ಲಿ ಸಿಕ್ಕ ಒಂದು ಹರಳನ್ನು ಕುತೂಹಲಕ್ಕಾಗಿ ಇಟ್ಟುಕೊಳ್ಳುವುದು ಬೇರೆ, ಮಾರಾಟಕ್ಕಾಗಿ ನೆಲವನ್ನು ಅಗೆಯುವುದು ಬೇರೆ. ಗಣಿ ಕೆಲಸಕ್ಕೆ 1957ರ ಖನಿಜ ಕಾಯಿದೆಯೂ ಅದರಡಿಯ ನಿಯಮಗಳೂ ಅನ್ವಯಿಸುವುದರಿಂದ, ಅಗೆಯುವ ಮೊದಲು ಗಣಿ ಇಲಾಖೆಯನ್ನು ಕೇಳುವುದು ಅವಶ್ಯ.

ಇಷ್ಟು ಹೇಳಿದ ಮೇಲೆ, ಕಣ್ಣಿಗೆ ಕಾಣುವ ಆರ್ಸೆನೇಟಿಗಿಂತ ಕಾಣದ ಆರ್ಸೆನೇಟೇ ಮನೆಮಂದಿಗೆ ಹೆಚ್ಚು ಮುಖ್ಯವೆಂಬುದನ್ನು ಹೇಳದಿದ್ದರೆ ಲೇಖನವು ಅಪೂರ್ಣವಾದೀತು. ನಮ್ಮ ಕರ್ನಾಟಕದಲ್ಲಿ ಆರ್ಸೆನಿಕದ ನಿಜವಾದ ನೆಲೆ ಚಿನ್ನದ ನಾಡು. ರಾಯಚೂರು ಜಿಲ್ಲೆಯ ಹಟ್ಟಿಯ ಗಣಿಯಲ್ಲಿ ಚಿನ್ನದ ಒಡನಾಡಿಯಾಗಿ ಆರ್ಸೆನೊಪೈರೈಟ್ ಇದೆ. ಇದು ಕಬ್ಬಿಣ, ಆರ್ಸೆನಿಕ, ಗಂಧಕ ಈ ಮೂರೂ ಕೂಡಿದ ಬೆಳ್ಳಿಬಣ್ಣದ ಅದುರು. ಸುತ್ತಿಗೆಯಿಂದ ಹೊಡೆದರೆ ಇದೂ ಬೆಳ್ಳುಳ್ಳಿಯ ವಾಸನೆ ಬಿಡುತ್ತದೆ. ಗಾಳಿ ನೀರಿಗೆ ಒಡ್ಡಿದಾಗ ಇಂಥ ಅದುರಿನಿಂದ ಸ್ಕೊರೊಡೈಟು ಹುಟ್ಟುತ್ತದೆ. ಆರ್ಸೆನಿಕದ ಸ್ವಲ್ಪ ಪಾಲು ಅಂತರ್ಜಲಕ್ಕೂ ಇಳಿಯುತ್ತದೆ. ಯಾದಗಿರಿ ಜಿಲ್ಲೆಯ ಮಂಗಳೂರು ಎಂಬ ಗ್ರಾಮದ ಹಳೆಯ ಚಿನ್ನದ ಗಣಿಯ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ ಜನರ ಮೈಮೇಲೆ ಕಲೆಗಳೂ ಅಂಗೈ-ಅಂಗಾಲುಗಳ ಒರಟು ಗಂಟುಗಳೂ ಕಾಣಿಸಿಕೊಂಡವು. ಕುಡಿಯುವ ನೀರಿನಲ್ಲಿ ಆರ್ಸೆನಿಕವಿದ್ದುದೇ ಇದರ ಕಾರಣವೆಂದು ತಜ್ಞರ ಶೋಧನೆಯು 2013ರಲ್ಲಿ ಪ್ರಕಟವಾಯಿತು. ಲೀಟರು ನೀರಿಗೆ 10 ಮೈಕ್ರೊಗ್ರಾಂ, ಅಂದರೆ ಒಂದು ಗ್ರಾಮನ್ನು ಒಂದು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು, ಇದೇ ಈಗ ಒಪ್ಪಿದ ಮಿತಿ. ಅಂಥ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯ ಭೇದವಿಲ್ಲ. ಕುದಿಸಿದರೂ ವಿಷವು ಹೋಗದು.

ವಿಷವಾಗುವ ಬಗೆಯೂ ವಿಚಾರಯೋಗ್ಯವಾದುದು. ಮಿಮೆಟೈಟು ಪೈರೊಮಾರ್ಫೈಟನ್ನು ಅನುಕರಿಸುವುದೆಂದೆವಷ್ಟೆ. ಅದೇ ವೇಷವನ್ನು ಆರ್ಸೆನೇಟು ನಮ್ಮ ದೇಹದೊಳಗೂ ಹಾಕುತ್ತದೆ. ಜೀವಕೋಶಗಳು ಶಕ್ತಿಯ ಕೆಲಸಕ್ಕೆ ಫಾಸ್ಫೇಟನ್ನು ಬಳಸುತ್ತವೆ. ಆರ್ಸೆನೇಟು ಅದರಂತೆಯೇ ಇರುವುದರಿಂದ ಕೋಶವು ಮೋಸಹೋಗಿ ಅದನ್ನು ಒಳಗೆ ಬಿಟ್ಟುಕೊಂಡು ಕೆಲಸಕ್ಕೆ ಹಚ್ಚುತ್ತದೆ, ಕೆಲಸವು ಕೆಡುತ್ತದೆ. ಸಸ್ಯಗಳ ಬೇರೂ ಹೀಗೆಯೇ ಮೋಸಹೋಗುತ್ತದೆ. ತಂಬಾಕಿನ ನಾಡಾದ ನಿಪ್ಪಾಣಿಯ ಒಕ್ಕಲಿಗರಿಗೆ ಈ ಸಂಗತಿಯು ವಿಶೇಷವಾಗಿ ಕೇಳತಕ್ಕದ್ದು: ಅಮೇರಿಕೆಯಲ್ಲಿ 1892ರಿಂದ ಬಳಕೆಗೆ ಬಂದ ಸೀಸದ ಆರ್ಸೆನೇಟನ್ನು ಸೇಬಿನ ತೋಟಗಳಿಗೂ ತಂಬಾಕಿನ ಹೊಲಗಳಿಗೂ ಕೀಟನಾಶಕವಾಗಿ ಸಿಂಪಡಿಸುತ್ತಿದ್ದರು. ಅದರ ಪರವಾನಗಿಯು 1988ರಲ್ಲಿ ಪೂರ್ಣವಾಗಿ ರದ್ದಾಯಿತು. ಆದರೆ ಹಳೆಯ ತೋಟಗಳ ಮಣ್ಣಿನಲ್ಲಿ ಅದರ ಶೇಷವು ಇಂದಿಗೂ ಉಳಿದಿದೆ. ಮಣ್ಣು ಮರೆಯುವುದಿಲ್ಲ.

ಆದುದರಿಂದ ಗೃಹಸ್ಥರಿಗೆ ನಮ್ಮ ಸಲಹೆ ಇಷ್ಟೇ. ಹೊಸ ಬಾವಿಯಿಂದ ಎರಡು ವಸ್ತುಗಳು ಮೇಲಕ್ಕೆ ಬರುತ್ತವೆ, ಕಲ್ಲು ಮತ್ತು ನೀರು. ಕಲ್ಲು ಹೊಳೆಯುತ್ತದೆಂದು ಊರೆಲ್ಲ ಕೂಡಿ ಅದನ್ನು ಪರೀಕ್ಷಿಸುತ್ತದೆ; ನೀರನ್ನು ಮಾತ್ರ ಕೇಳುವವರಿಲ್ಲ. ನಮ್ಮ ಕರಿಕಲ್ಲಿನ ಸೀಮೆಯು ಚಿನ್ನದ ನಾಡಲ್ಲವಾದರೂ ನೀರಿನ ದೋಷಗಳು ಆರ್ಸೆನಿಕವೊಂದೇ ಅಲ್ಲ. ಉಪ್ಪು, ನೈಟ್ರೇಟು ಮುಂತಾದುವೂ ಇವೆ. ಹರಳಿನ ಚೂರನ್ನು ಪರೀಕ್ಷೆಗೆ ಕಳಿಸುವ ದಿವಸವೇ ಒಂದು ಶುದ್ಧವಾದ ಶೀಶೆಯಲ್ಲಿ ಬಾವಿಯ ನೀರನ್ನೂ ಸರಕಾರದ ನೀರಿನ ಪರೀಕ್ಷಾಲಯಕ್ಕೆ ಕಳಿಸಿರಿ. ಹರಳು ಅಪೊಫಿಲೈಟೆಂದು ತಿಳಿದುಬಂದರೆ ನಿರಾಶೆ ಬೇಡ. ಆರು ಕೋಟಿ ವರ್ಷಗಳಷ್ಟು ಹಿಂದಿನ ಕಥೆಯ ಒಂದು ತುಣುಕು ಮನೆಯ ಗೂಡಿನಲ್ಲಿರುವುದು ಕಡಿಮೆಯ ಭಾಗ್ಯವಲ್ಲ. ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು ಅವರ ಕೈಯಿಂದಲೇ ಅದನ್ನು ನೀರಿನಲ್ಲಿ ತೂಗಿಸಿರಿ. 46ನ್ನು 20ರಿಂದ ಭಾಗಿಸುವ ಲೆಕ್ಕವು ಅವರಿಗೆ ಜನ್ಮಪೂರ್ತಿ ನೆನಪಿನಲ್ಲಿ ಉಳಿದೀತು.